ಎರಡು ಇಟ್ಟಿಗೆಗಳ ನಡುವಿನ ಹೊತ್ತು

ಜೂನ್ ೩

ತಮ್ಮಾ,

‘ನೆರಳು ಬೆಳೆದ ಹಾಗೆ ಮನೆ ದೊಡ್ಡದಾಗುತ್ತದೆ.’ ಹೀಗೇ ತಾನೇ ಅಪ್ಪ ಹೇಳುತ್ತಿದ್ದದ್ದು? ಇಲ್ಲ, ದೊಡ್ಡದಾಗುತ್ತಿದ್ದದ್ದು ದಿನವೋ? ದಿನವಾಗಿರಲಾರದು. ನೆರಳು ಬೆಳೆಯುವ ಹೊತ್ತಿಗೆ ದಿನ ಮುಗಿಯುತ್ತಾ ಬಂದಿರುತ್ತದೆ. ವಾಚ್ ರಿಪೇರಿ ಮಾಡುತ್ತಿದ್ದ ಮನುಷ್ಯ ಅಷ್ಟು ದೊಡ್ಡ ತಪ್ಪು ಹೇಳುವುದಿಲ್ಲ. ಆದರೆ ಮನೆ ದೊಡ್ಡದಾಗುತ್ತದೆ ಅಂದರೂ ಏನರ್ಥ? ಬೆಳಿಗ್ಗೆಯಿಂದ ಈ ಸಾಲು ತಲೆಯಲ್ಲಿ ಸುತ್ತುತ್ತಿದೆ. ಕಾರಣ ನೀನು ಕಟ್ಟುತ್ತಿರುವ ಕಂಪ್ಯೂಟರ್ ಆಟ.

ಪತ್ರ ಬರೆಯುತ್ತಿದ್ದೇನೆಂದು ನಗಬೇಡ. ಫೋನಿನಲ್ಲಿ ನೀನು ‘ಹೂಂ, ಹೂಂ’ ಅನ್ನುತ್ತಲೇ ಬೇರೇನೋ ಟೈಪ್ ಮಾಡುತ್ತಿರುತ್ತೀಯ. ಅದೂ ಅಲ್ಲದೆ ಅಮ್ಮ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂತಿರುತ್ತಾಳೆ. ಕೆಲವು ವಿಷಯ ಅವಳ ಮುಂದೆ ಬೇಡ ಅನ್ನಿಸಿತು.

‘ಇಸ್ಲಾಂ ಭಾಗವನ್ನು ಒಮ್ಮೆ ನೋಡಿಕೊಡು, ನಮ್ಮ ಆಫೀಸಿನಲ್ಲಿ ಇದನ್ನು ಓದಿದವರು ಯಾರೂ ಇಲ್ಲ’ ಎಂದು ಕಳಿಸಿದ್ದೆಯಲ್ಲ, ಕಾಲೇಜಿನ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ನಕ್ಷೆ ಎಷ್ಟು ಚೆನ್ನಾಗಿದೆ! ಮರುಭೂಮಿಯ ಮೇಲೆ ಒಂಟೆಸಾಲು ಹೋಗುವಾಗ ಅದರ ನೆರಳೂ ಹೋಗುತ್ತದೆ. ನಮ್ಮ ಗ್ರಂಥಪಾಲಕರು ಹಿಂದೆ ನಿಂತು ಇಣುಕಿ, ‘ಮೇಡಂ, ನೀವೂ ಶುರು ಮಾಡಿದ್ರಾ?’ ಎಂದು ಕೇಳಿ ಹೋದರು.

ಆದರೆ ಪಂಥಗಳ ವಿಷಯ ನನಗೆ ಒಪ್ಪಿಗೆಯಾಗಲಿಲ್ಲ. ಹನಫಿ ಹಸಿರು, ಶಾಫಿ ನೀಲಿ, ಮಾಲಿಕಿ ಹಳದಿ, ಹಂಬಲಿ ಕೆಂಪು, ಶಿಯಾಗಳ ಜಾಫರಿಗೆ ನೇರಳೆ. ಬಣ್ಣ ಇರಲಿ. ಒಂದು ಊರಿಗೆ ಒಂದೇ ಬಣ್ಣ ಯಾಕೆ? ಊರಿನ ಪಂಥ ಬೇರೆ, ದೊರೆಯ ಪಂಥ ಬೇರೆಯಾದರೆ ಅಶಾಂತಿಯ ಮುಳ್ಳು ಏರತೊಡಗುತ್ತದೆ. ಆಗ ‘ಪಂಥ ಬದಲಿಸು’ ಎಂಬ ಗುಂಡಿ ಒತ್ತಬೇಕು. ಒತ್ತದಿದ್ದರೆ ದಂಗೆ. ಇದು ಯಾವ ಪುಸ್ತಕದಲ್ಲಿದೆ? ಇವು ನ್ಯಾಯ ಹೇಳುವ, ನಮಾಜು ಮಾಡುವ ನಾಲ್ಕೈದು ದಾರಿಗಳು ಕಣೋ, ನಾಲ್ಕೈದು ಸೈನ್ಯಗಳಲ್ಲ.

ಹಸಿರು ಮತ್ತು ನೀಲಿ ಒಂದೇ ಸೂರಿನಡಿ ಇದ್ದ ಮನೆಯಲ್ಲಿ ಬೆಳೆದವನು ನೀನು. ಅದನ್ನು ಮರೆತು ಈ ನಿಯಮ ಬರೆದೆಯಾ?

ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವಿಗೆ ಕುರ್ಚಿಯ ಮೇಲೆ ಕೂತು ನಮಾಜು ಮಾಡುತ್ತಾಳೆ.

ನಿನ್ನ ಅಕ್ಕ

•

ಜೂನ್ ೨೦

ಅಕ್ಕಾ,

ನಿನ್ನ ಪತ್ರ ಆಫೀಸಿನ ವಿಳಾಸಕ್ಕೆ ಬಂತು. ಅಂಚೆಚೀಟಿ ನೋಡೋಕೆ ನಾಲ್ಕು ಜನ ಸೇರಿದ್ರು. ಆಟಕ್ಕೆ ಚಿತ್ರ ಬರೆಯುವ ಹುಡುಗಿ ಅದನ್ನು ಕಿತ್ತುಕೊಂಡೇ ಹೋದಳು.

ಅಪ್ಪ ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ನಿನಗೆ ಎಲ್ಲದರಲ್ಲೂ ಕವಿತೆ ಕಾಣಿಸುತ್ತೆ. ಗ್ಯಾಸ್ ಬಿಲ್ಲಿನಲ್ಲೂ ಪ್ರಾಸ ಹುಡುಕುವವಳು ನೀನು.

ಈಗ ನಿಯಮದ ಮಾತು. ಆಟಕ್ಕೆ ನಿಯಮ ಬರೆಯುವುದು ನನ್ನ ಕೆಲಸ. ಆಟಗಾರನಿಗೆ ಒಂದು ನೋಟಕ್ಕೆ ಅರ್ಥವಾಗಬೇಕು. ಒಂದು ಊರಿನಲ್ಲಿ ಎರಡು ಬಣ್ಣ ಹಚ್ಚಿದರೆ ನಕ್ಷೆ ಹಳೇ ಕೌದಿಯ ಹಾಗೆ ಕಾಣುತ್ತೆ. ಮತ್ತೆ, ಅಶಾಂತಿ ನಾನು ಹುಟ್ಟಿಸಿದ್ದಲ್ಲ. ಇರಾನಿನ ನಿಶಾಪುರದಲ್ಲಿ ಹನಫಿಗಳೂ ಶಾಫಿಗಳೂ ಬೀದಿಯಲ್ಲಿ ಬಡಿದಾಡಿಕೊಂಡು ಅಷ್ಟು ದೊಡ್ಡ ಊರನ್ನೇ ಹಾಳುಮಾಡಿಕೊಂಡರು. ಎಂ.ಎ. ಮಾಡಿದವಳು ನೀನು, ಇದು ಸುಳ್ಳು ಅಂತ ಹೇಳು ನೋಡೋಣ.

ಆಗಸ್ಟ್ ಕೊನೆಗೆ ನಿಯಮಗಳಿಗೆಲ್ಲ ಬೀಗ. ಆಮೇಲೆ ಅಲ್ಲಾಡಿಸೋಕಾಗಲ್ಲ. ಹೆಸರು, ಇಸವಿ, ಕಾಗುಣಿತದ ತಪ್ಪಿದ್ದರೆ ಹೇಳು, ಸಾಕು. ನಮ್ಮ ಮನೆಯ ಕಥೆ ಇದರಲ್ಲಿ ತರಬೇಡ.

ಅಮ್ಮ ಈಗಲೂ ಬೇಗನೇ ಮಾಡ್ತಾಳಾ, ಇಳಿಹೊತ್ತಿನ ಅಸರ್ ನಮಾಜು? ಅವಳ ಹೊತ್ತಿಗೇ?

ತಮ್ಮ

•

ಜೂನ್ ೩೦

ತಮ್ಮಾ,

ನಿಶಾಪುರ ಸುಳ್ಳಲ್ಲ. ಒಪ್ಪಿದೆ. ಓದುವಾಗಲೆಲ್ಲ ಆ ಪುಟವನ್ನು ಬೇಗ ಬೇಗ ತಿರುಗಿಸುವವಳು ನಾನು. ನೀನು ಅಲ್ಲೇ ಬೆರಳಿಟ್ಟೆ. ಆದರೆ ಅದೊಂದೇ ಊರನ್ನು ನೋಡಿ ಎಲ್ಲ ಊರಿಗೂ ನಿಯಮ ಬರೆಯುತ್ತೀಯಾ?

ಈ ವಾರವೆಲ್ಲ ಆಡಿದೆ. ನದಿಯ ದಡದ ಒಂದು ಚಿಕ್ಕ ಊರು ತೆಗೆದುಕೊಂಡು ಅದಕ್ಕೆ ‘ಮನೆ’ ಎಂದು ಹೆಸರಿಟ್ಟೆ. ದೊರೆ ಹಸಿರು, ಊರು ನೀಲಿ. ಗುಂಡಿ ಒತ್ತಲಿಲ್ಲ. ಬಾವಿ ತೋಡಿಸಿದೆ, ಸಂತೆ ಕಟ್ಟಿಸಿದೆ, ಸುಂಕ ಇಳಿಸಿದೆ. ಮುಳ್ಳು ಏರುತ್ತಲೇ ಹೋಯಿತು. ಕೊನೆಗೆ ‘ಮನೆಗೆ ಬೆಂಕಿ ಬಿದ್ದಿದೆ’ ಎಂದು ಕೆಂಪಕ್ಷರದಲ್ಲಿ ಬಂತು. ಸ್ಟಾಫ್ ರೂಮಿನಲ್ಲಿ ಕೂತು ಕಣ್ಣು ಒರೆಸಿಕೊಂಡೆ, ನಗು ಬರುತ್ತದೆ ಈಗ.

ನಿನಗೆ ಬೇಡವೆಂದರೂ ಹೇಳುತ್ತೇನೆ. ಹಿತ್ತಿಲಿನ ಬಟ್ಟೆ ಒಣಹಾಕುವ ಕಂಬ ನೆನಪಿದೆಯಾ? ಅದರ ನೆರಳು ಬೀಳುವ ಕಡೆ ಅಪ್ಪ ಎರಡು ಇಟ್ಟಿಗೆ ಇಟ್ಟಿದ್ದರು. ಕಂಬದಷ್ಟೇ ಉದ್ದದ ನೆರಳಿಗೆ ಹತ್ತಿರದ ಇಟ್ಟಿಗೆ, ಅದು ಅಮ್ಮನ ಅಸರ್, ಶಾಫಿ ಲೆಕ್ಕ. ಅದರ ಇಮ್ಮಡಿಗೆ ದೂರದ ಇಟ್ಟಿಗೆ, ಅದು ಅಪ್ಪನದು, ಹನಫಿ ಲೆಕ್ಕ. ಮಧ್ಯಾಹ್ನದ ನೆರಳು ಕಾಲಕ್ಕೆ ತಕ್ಕಂತೆ ಉದ್ದಗಿಡ್ಡವಾಗುತ್ತದಲ್ಲ, ಅದಕ್ಕೆ ಅಪ್ಪ ಆಗಾಗ ಕುಕ್ಕರಗಾಲಲ್ಲಿ ಕೂತು ಇಟ್ಟಿಗೆ ಸರಿಸುತ್ತಿದ್ದರು. ಅಂಗಡಿ ತುಂಬ ಗಡಿಯಾರ ಇಟ್ಟುಕೊಂಡು ನೆರಳನ್ನು ನಂಬುತ್ತಿದ್ದ ಮನುಷ್ಯ! ‘ಗಡಿಯಾರ ನಾನು ಬಿಚ್ಚಿ ನೋಡಿದ್ದೀನಿ, ಅದರ ಹಣೆಬರಹ ಗೊತ್ತು’ ಅನ್ನುತ್ತಿದ್ದರು.

ಆ ಎರಡು ಇಟ್ಟಿಗೆಗಳ ನಡುವಿನ ಹೊತ್ತು ನಮ್ಮದಾಗಿತ್ತು. ಅಮ್ಮ ನಮಾಜು ಮುಗಿಸಿ ಟೀ ಇಡುತ್ತಿದ್ದಳು. ಅಪ್ಪ ಇನ್ನೂ ಕಾಯುತ್ತಿದ್ದರು. ನಾನು ಪದ್ಯ ಓದಬೇಕು, ನೀನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಹೊಸ ಆಟ ಕಟ್ಟಬೇಕು. ನಿನ್ನ ಮೊದಲ ನಿಯಮಗಳೆಲ್ಲ ಅಲ್ಲೇ ಹುಟ್ಟಿದವು. ನೆರಳು ದೂರದ ಇಟ್ಟಿಗೆ ಮುಟ್ಟಿದಾಗ ಅಪ್ಪ ಏಳುತ್ತಿದ್ದರು. ಗೋಡೆಯಾಚೆ ಹೊಲಿಗೆ ಅತ್ತೆಯ ಮಿಷನ್ ನಿಲ್ಲುತ್ತಿತ್ತು. ‘ಒಂದಾಯ್ತಾ, ಎರಡಾಯ್ತಾ?’ ಎಂದು ಅವರು ಬಾಗಿಲಲ್ಲಿ ಕೇಳುತ್ತಿದ್ದದ್ದು ನೆನಪಿದೆಯಾ? ಒಂದಾದರೆ ಬಟ್ಟೆ ತೆಗೆಯುವ ಹೊತ್ತು, ಎರಡಾದರೆ ಹೊಲಿಗೆ ನಿಲ್ಲಿಸುವ ಹೊತ್ತು. ಅವರದು ಬೇರೆ ದೇವರು. ಹೊತ್ತು ಮಾತ್ರ ನಮ್ಮದು.

ಇತಿಹಾಸ ಬೇಕೆಂದರೆ ತೆಗೆದುಕೋ. ಕೈರೋದಲ್ಲಿ ಒಂದು ಕಾಲಕ್ಕೆ ನಾಲ್ಕು ಪಂಥಕ್ಕೆ ನಾಲ್ವರು ಮುಖ್ಯ ನ್ಯಾಯಾಧೀಶರಿದ್ದರು, ಒಂದೇ ಊರಿನಲ್ಲಿ. ಗಂಡ ವ್ಯಾಪಾರಕ್ಕೆಂದು ಹೋಗಿ ಪತ್ತೆಯಿಲ್ಲದ ಹೆಂಗಸೊಬ್ಬಳು ಬಿಡುಗಡೆ ಕೇಳಿದಳೆಂದುಕೋ. ಹನಫಿ ನ್ಯಾಯಾಧೀಶ, ‘ಅವನ ಓರಗೆಯವರೆಲ್ಲ ಸಾಯುವವರೆಗೂ ಕಾಯಮ್ಮ’ ಅನ್ನುತ್ತಾನೆ. ಅವಳು ಸೆರಗು ಕೊಡವಿಕೊಂಡು ಎದ್ದು ಎರಡು ಬೀದಿ ಆಚೆಯ ಮಾಲಿಕಿಯವನ ಬಳಿ ಹೋಗುತ್ತಾಳೆ. ಅಲ್ಲಿ ಕೆಲವೇ ವರ್ಷ ಕಾದರೆ ಸಾಕು. ನಿನ್ನ ನಕ್ಷೆಯಲ್ಲಿ ಅವಳು ಎಲ್ಲಿ ಹೋಗಬೇಕು? ಊರಿಗೆ ಒಂದೇ ಬಣ್ಣ ಬಳಿದಿದ್ದೀಯ.

ಅಪ್ಪನ ಅಂಗಡಿಯಲ್ಲಿ ಒಂದು ಗಡಿಯಾರದ ಹಾಗೆ ಇನ್ನೊಂದು ಸಮಯ ತೋರಿಸುತ್ತಿರಲಿಲ್ಲ. ಅಲ್ಲಿ ಎಂದಾದರೂ ದಂಗೆಯಾಗಿತ್ತಾ?

ನಿನ್ನ ಅಕ್ಕ

ಹೌದು, ಅಮ್ಮ ತನ್ನ ಹೊತ್ತಿಗೇ ಮಾಡುತ್ತಾಳೆ. ಯಾಕೆ ಕೇಳಿದೆ?

•

ಜುಲೈ ೨೪

ತಮ್ಮಾ,

ಪತ್ರ ತಲುಪಿತೋ ಇಲ್ಲವೋ. ಫೋನಿನಲ್ಲಿ ಕೇಳಿದರೆ ‘ಕೆಲಸ ಜಾಸ್ತಿ’ ಎಂದು ಅಮ್ಮನಿಗೆ ಕೊಡಲು ಹೇಳುತ್ತೀಯ. ಅಮ್ಮನ ಜೊತೆಯೂ ‘ಊಟ ಆಯ್ತಾ’ದಾಚೆ ಮಾತಿಲ್ಲ. ಅಪ್ಪ ಹೋದ ಮೇಲೆ ನೀನು ಈ ಮನೆಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ನಿಂತಿಲ್ಲ. ‘ಅವನಿಗೆ ನನ್ನ ಮೇಲೆ ಏನೋ ಇದೆ’ ಎಂದು ನಿನ್ನೆ ಅಮ್ಮ ಅಂದಳು. ಅಷ್ಟೇ ಅಂದು ಬೆಳ್ಳುಳ್ಳಿ ಬಿಡಿಸತೊಡಗಿದಳು.

ನಾನು ಪಾಠ ಮಾಡುವವಳ ಹಾಗೆ ಬರೆದುಬಿಟ್ಟೆನೇನೋ. ಬೇಜಾರಾಗಿದ್ದರೆ ಹೇಳು. ನಿಯಮ ಹಾಗೇ ಇರಲಿ ಬೇಕಾದರೆ.

ಅಕ್ಕ

•

ಜುಲೈ ೩೧

ಅಕ್ಕಾ,

ಆ ನಿಯಮ ನಾನು ಪುಸ್ತಕ ನೋಡಿ ಬರೆದದ್ದಲ್ಲ. ನಿಶಾಪುರ ಆಮೇಲೆ ಸಿಕ್ಕಿತು.

ನೀನು ಹಾಸ್ಟೆಲಿನಲ್ಲಿದ್ದೆ. ರಜೆಗೆ ಬರುತ್ತಿದ್ದೆ, ಟೀ ಕುಡಿದು ಪದ್ಯ ಓದಿ ಹೋಗುತ್ತಿದ್ದೆ. ನಾನು ಉಳಿದ ದಿನವೆಲ್ಲ ಆ ಮನೆಯಲ್ಲಿದ್ದೆ.

ನಾನು ಕಂಡದ್ದು ಹೇಳ್ತೀನಿ. ಅಮ್ಮ ಟೀ ಲೋಟ ಅಪ್ಪನ ಕೈಗೆ ಕೊಡುತ್ತಿರಲಿಲ್ಲ. ಕಿಟಕಿಯ ಹಲಗೆ ಮೇಲೆ ಇಟ್ಟು ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಆಮೇಲೆ ಅಪ್ಪ ಎತ್ತಿಕೊಳ್ಳುತ್ತಿದ್ದರು. ದಿನಾ. ಒಬ್ಬರ ಬೆರಳು ಇನ್ನೊಬ್ಬರಿಗೆ ತಾಗಬಾರದು ಅನ್ನುವ ಹಾಗೆ. ನನ್ನ ಗೆಳೆಯನ ಮನೆಯಲ್ಲಿ ಅವನ ಅಪ್ಪ ಅಮ್ಮ ಹಾಗಿರಲಿಲ್ಲ.

ಇನ್ನೊಂದು. ನಾನು ಒಂದು ದಿನ ಅಪ್ಪನ ಹಾಗೆ ಹೊಕ್ಕಳ ಕೆಳಗೆ ಕೈ ಕಟ್ಟುತ್ತಿದ್ದೆ, ಮರುದಿನ ಅಮ್ಮನ ಹಾಗೆ ಎದೆಯ ಹತ್ತಿರ. ಇಬ್ಬರಿಗೂ ಖುಷಿಯಾಗಲಿ ಅಂತ. ಒಂದು ಮಳೆಗಾಲದ ಸಂಜೆ ಅದೇ ವಿಷಯಕ್ಕೆ ಒಳಗಿನ ಕೋಣೆಯಲ್ಲಿ ಜಗಳವಾಯಿತು. ‘ನನ್ನ ಮಗ ನನ್ನ ಹಾಗೇ ಕೈ ಕಟ್ಟಬೇಕು!’ ಅಂತ ಅಪ್ಪ. ‘ಅವನು ನನ್ನ ಮಗನೂ ಹೌದು!’ ಅಂತ ಅಮ್ಮ. ಕೂಗಿ ಕೂಗಿ ಅಪ್ಪನಿಗೆ ಕೆಮ್ಮು ಹತ್ತಿತು. ಅಜ್ಜಿ ಜಗಲಿಯಲ್ಲಿ ಕೂತು ‘ಎರಡು ದಾರಿಯವರನ್ನ ಕೂಡಿಸಬೇಡಿ ಅಂದಿದ್ದೆ’ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಮರುದಿನವೇ ಅಮ್ಮ ನನ್ನನ್ನು ಕರೆದುಕೊಂಡು ದೊಡ್ಡಮ್ಮನ ಊರಿಗೆ ಹೋದಳು. ಒಂದು ಇಡೀ ವರ್ಷ ನಾನು ಅಲ್ಲಿನ ಶಾಲೆಗೆ ಹೋದೆ. ಅಮ್ಮ ಹಗಲೆಲ್ಲ ಎಲ್ಲೋ ಕೆಲಸಕ್ಕೆ ಹೋಗುತ್ತಿದ್ದಳು, ಸಂಜೆ ಚಾರ್ಟು ಬರೆಯುತ್ತಿದ್ದಳು. ಹೊಟ್ಟೆಪಾಡಿಗೆ ಅಂದುಕೊಂಡೆ. ವಾಪಸ್ ಬಂದ ಮೇಲೂ ಮೇಷ್ಟರ ಕೆಲಸ ಹಿಡಿದಳಲ್ಲ, ಇನ್ನು ಅಪ್ಪನನ್ನು ನಂಬಿ ಕೂರಲ್ಲ ಅಂತ ತೀರ್ಮಾನ ಮಾಡಿದಳು ಅಂದುಕೊಂಡೆ.

ನನ್ನ ಎರಡು ಕೈಯಿಂದ ಮನೆ ಒಡೆಯಿತು ಅಕ್ಕ. ಯಾರನ್ನೂ ಕೇಳಲಿಲ್ಲ. ನಮಾಜನ್ನೇ ಬಿಟ್ಟೆ. ಎಲ್ಲಿ ಕೈ ಕಟ್ಟಲಿ?

ಅಶಾಂತಿಯ ಮುಳ್ಳು ನಾನು ಕಂಡದ್ದು. ನಿನ್ನ ಇಟ್ಟಿಗೆಯೂ ಸುಳ್ಳಲ್ಲ ಇರಬಹುದು. ಆದರೆ ಅದು ರಜೆಯಲ್ಲಿ ಬಂದವಳ ನೆನಪು.

ಬೀಗ ಹಾಕಲು ಇನ್ನೊಂದು ತಿಂಗಳಿದೆ. ನಿಯಮ ಬದಲಿಸಲ್ಲ.

•

ಆಗಸ್ಟ್ ೭

ಪುಟ್ಟಾ,

ಈ ಹೆಸರಿನಿಂದ ನಿನ್ನನ್ನು ಕರೆದು ಎಷ್ಟು ಕಾಲವಾಯಿತೋ.

ನಿನ್ನ ಪತ್ರವನ್ನು ಕಾಲೇಜಿನ ಮೆಟ್ಟಿಲ ಮೇಲೆ ಕೂತು ಓದಿದೆ. ಗಂಟೆ ಹೊಡೆದರೂ ಏಳಲಾಗಲಿಲ್ಲ. ನನಗೆ ಗೊತ್ತಿದ್ದದ್ದೆಲ್ಲ ನಿನಗೂ ಗೊತ್ತಿದೆ ಎಂದೇ ಇಷ್ಟು ವರ್ಷ ಬದುಕಿದ್ದೇನೆ. ಅಮ್ಮನ ಜೊತೆ ಇದ್ದವನು ನೀನಲ್ಲವೇ ಎಂದುಕೊಂಡಿದ್ದೆ.

ಮೊದಲು ಲೋಟದ ವಿಷಯ. ಇದನ್ನು ಅಮ್ಮ ನನಗೆ ಹೇಳಿಕೊಟ್ಟಿದ್ದಳು. ಹೆಣ್ಣುಮಕ್ಕಳಿಗೆ ಹೇಳುವ ಮಾತೆಂದು ನಿನ್ನವರೆಗೆ ಬರಲಿಲ್ಲ. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುತ್ತೇವಲ್ಲ, ಆ ವುಜೂ, ಶಾಫಿಗಳ ಪ್ರಕಾರ ಗಂಡಹೆಂಡಿರ ಕೈಗೆ ಕೈ ತಾಗಿದರೂ ಮುರಿಯುತ್ತದೆ. ಹನಫಿಗಳಿಗೆ ಮುರಿಯುವುದಿಲ್ಲ. ಅಮ್ಮನ ಮೊಣಕಾಲಿಗೆ ಆಗಲೇ ನೋವು, ನೀರಿಗೆ ಬಾವಿ ಸೇದಬೇಕು. ಅಸರ್‌ಗೆ ಮಾಡಿದ ವುಜೂವನ್ನು ಸೂರ್ಯ ಮುಳುಗಿದ ಮೇಲಿನ ನಮಾಜಿನವರೆಗೂ ಉಳಿಸಿಕೊಳ್ಳುತ್ತಿದ್ದಳು. ಅಪ್ಪನ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೂ ದಿನವೂ ಅವಳು ಕೈ ತೆಗೆಯುವವರೆಗೆ ನಿಂತು, ಆಮೇಲೆ ಲೋಟ ಎತ್ತುತ್ತಿದ್ದರು. ತನ್ನ ದಾರಿಯಲ್ಲಿ ಇಲ್ಲದ ನಿಯಮವನ್ನು ಆ ಮನುಷ್ಯ ಅವಳಿಗೋಸ್ಕರ ಒಂದು ದಿನವೂ ತಪ್ಪದೆ ಪಾಲಿಸಿದರು. ನಾನು ಓದಿದ ಪ್ರೇಮಗೀತೆಗಳಲ್ಲಿ ಆ ಕಿಟಕಿಯ ಹಲಗೆಯಂಥದ್ದು ಎಲ್ಲೂ ಸಿಕ್ಕಿಲ್ಲ.

ಇನ್ನು ಜಗಳ. ನಿನಗೆ ಬರೆಯುವ ಮುಂಚೆ ಅಮ್ಮನನ್ನು ಕೇಳಿದೆ. ಪತ್ರ ತೋರಿಸಲಿಲ್ಲ, ವಿಷಯವಷ್ಟೇ ಹೇಳಿದೆ.

‘ಅಯ್ಯೋ, ಅವನು ಅದನ್ನ ನಿಜ ಅಂದ್ಕೊಂಡ್ನಾ?’ ಅಂದಳು.

‘ಮತ್ತೆ? ಚಿಕ್ಕ ಹುಡುಗ.’

‘ಅದು ನಿಮ್ಮಜ್ಜಿಗೆ ಮಾಡಿದ ನಾಟಕ ಕಣೆ! ನಾನು ಟೀಚರ್ ಟ್ರೈನಿಂಗಿಗೆ ಹೋಗ್ಬೇಕಿತ್ತು. ಕಾಲೇಜು ನಿಮ್ಮ ದೊಡ್ಡಮ್ಮನ ಊರಲ್ಲಿ. ಓದೋಕೆ ಹೋಗ್ತೀನಿ ಅಂದ್ರೆ ಆಯಮ್ಮ ಹೊಸಿಲು ದಾಟಿಸ್ತಿರ್ಲಿಲ್ಲ. ಮುನಿಸ್ಕೊಂಡು ಹೋದ್ರೆ ಸೊಸೆ ಎಲ್ಲಿಗೆ ಹೋಗ್ತಾಳೆ, ಬರ್ತಾಳೆ ಬಿಡು ಅಂತಿದ್ರು. ಅದಕ್ಕೇ ನಿಮ್ಮಪ್ಪ, ಜಗಳ ಆಡೋಣ ಅಂದ್ರು.’

‘ಆ ಜಗಳ ಯಾಕೆ, ಬೇರೆ ಯಾವುದೂ ಸಿಗಲಿಲ್ವಾ?’

‘ಬೇರೆ ಯಾವ್ದಿತ್ತು ನಮ್ಗೆ? ನಿಮ್ಮಜ್ಜಿ ನಂಬೋ ಥರದ್ದು ಅದೊಂದೇ. ಮದುವೆ ದಿನದಿಂದ ಅದಕ್ಕೇ ಕಾಯ್ತಿದ್ರು. ನಿಮ್ಮಪ್ಪನಿಗೆ ಕೂಗೋಕೇ ಬರ್ತಿರ್ಲಿಲ್ಲ. ನಡುವೆ ನಗು ಬಂದ್ಬಿಡ್ತು, ಟವೆಲ್ ಬಾಯಿಗೆ ಒತ್ಕೊಂಡು ಕೆಮ್ಮಿದ ಹಾಗೆ ಮಾಡಿದ್ರು. ಗೋಡೆ ಆಚೆಯಿಂದ ಹೊಲಿಗೆಯವಳು, ಇನ್ನೊಂಚೂರು ಜೋರಾಗಿ ಅಂತ ಗೋಡೆ ತಟ್ಟಿದ್ಳು.’

ಅದು ಕೆಮ್ಮಲ್ಲ ಪುಟ್ಟಾ.

‘ಅವನಿಗೆ ಯಾಕೆ ಹೇಳಲಿಲ್ಲ?’ ಅಂದೆ.

‘ಅವನ ಬಾಯಲ್ಲಿ ಏನ್ ನಿಲ್ತಿತ್ತು? ಅಜ್ಜಿ ಒಂದು ಮಿಠಾಯಿ ಕೊಟ್ರೆ ಎಲ್ಲಾ ಕಕ್ತಿದ್ದ. ಆಮೇಲೆ ಹೇಳೋಣ ಅಂತ. ಆಮೇಲೆ ಅವನೂ ಕೇಳ್ಲಿಲ್ಲ, ನಾವೂ ಮರೆತ್ವಿ.’ ತಾನಾಗಿಯೇ ಮತ್ತೆ, ‘ಎರಡು ಥರ ಕೈ ಕಟ್ತಿದ್ದ, ಹೌದು. ಒಂದಿನ ನಿಮ್ಮಪ್ಪ ಅದನ್ನ ನೋಡಿ, ನೋಡು, ನಮ್ಮಿಬ್ರನ್ನೂ ಎತ್ಕೊಂಡು ನಿಂತಿದ್ದಾನೆ ಅಂದಿದ್ರು’ ಎಂದಳು. ಆಮೇಲೆ ಎದ್ದು ಒಲೆಯ ಹತ್ತಿರ ಹೋಗಿ ನನಗೆ ಬೆನ್ನು ಮಾಡಿ ನಿಂತಳು. ಎಷ್ಟು ಹೊತ್ತಾದರೂ ಟೀ ಬರಲಿಲ್ಲ.

ನಿನ್ನ ನಿಯಮದ ಬಗ್ಗೆ ನಾನು ಇನ್ನು ಮಾತಾಡುವುದಿಲ್ಲ. ಅದು ನಿನಗೆ ಬಿಟ್ಟದ್ದು.

ಅಕ್ಕ

ಅಪ್ಪನ ಸಾಲನ್ನೂ ಕೇಳಿದೆ. ‘ಅವ್ರೆಲ್ಲಿ ಕವಿತೆ ಹೇಳ್ತಿದ್ರು? ಇಟ್ಟಿಗೆ ಎತ್ತುವಾಗ ಸೊಂಟ ಹಿಡಿದ್ರೆ ಏನೋ ಗೊಣಗ್ತಿದ್ರು’ ಅಂದಳು. ಇರಲಿ. ನಾನು ಕೇಳಿಸಿಕೊಂಡಿದ್ದು ನನಗೆ.

•

ಆಗಸ್ಟ್ ೨೯

ಅಕ್ಕಾ,

ಉತ್ತರ ಬರೆಯಲು ಮೂರು ಸಲ ಕೂತೆ. ಆಗಲಿಲ್ಲ. ಅದಕ್ಕೆ ನಿಯಮ ಬರೆದೆ.

ಒಂದು ಊರಿಗೆ ಎಷ್ಟು ಬಣ್ಣವಾದರೂ ಇರಬಹುದು. ದೊರೆ ಸುಮ್ಮನಿದ್ದರೆ ಮುಳ್ಳು ಏರುವುದಿಲ್ಲ. ‘ಪಂಥ ಬದಲಿಸು’ ಗುಂಡಿ ಒತ್ತಿದರೇ ಏರುತ್ತೆ. ಗುಂಡಿ ತೆಗೆದಿಲ್ಲ, ನಿಶಾಪುರವೂ ನಡೆದಿದೆಯಲ್ಲ. ನಾಲ್ಕು ಪೀಠಗಳ ನ್ಯಾಯಾಲಯ ಕಟ್ಟಿಸಿದರೆ, ಒಂದು ಕಡೆ ಬಾಗಿಲು ಮುಚ್ಚಿದವರು ಇನ್ನೊಂದು ಕಡೆ ಹೋಗಬಹುದು. ನಿನ್ನ ಆ ಹೆಂಗಸನ್ನು ಚಿತ್ರದ ಹುಡುಗಿ ಬರೆದಿದ್ದಾಳೆ. ಸೆರಗು ಕೊಡವಿಕೊಂಡೇ ಏಳುತ್ತಾಳೆ.

ಇನ್ನೊಂದು ಸೇರಿಸಿದೆ. ಎರಡು ಪಂಥ ಇರುವ ಊರಿನಲ್ಲಿ ಮಧ್ಯಾಹ್ನದ ಮೇಲೆ ಸ್ವಲ್ಪ ಹೊತ್ತು ಏನೂ ನಡೆಯುವುದಿಲ್ಲ. ಸೈನ್ಯ ಹೊರಡಲ್ಲ, ಸುಂಕ ಬರಲ್ಲ. ಜನ ಅಂಗಳದಲ್ಲಿ ಕೂತಿರುತ್ತಾರೆ. ಅದರ ಹೆಸರು ‘ಬಿಡುವು’. ನಮ್ಮ ಮುಖ್ಯಸ್ಥೆ ಕೇಳಿದರು, ‘ಆ ಹೊತ್ತಲ್ಲಿ ಆಟಗಾರ ಏನ್ ಮಾಡ್ಬೇಕು?’ ‘ಕಾಯ್ಬೇಕು’ ಅಂದೆ. ‘ಯಾರು ಕಾಯ್ತಾರೆ ಈ ಕಾಲದಲ್ಲಿ?’ ಅಂದರು. ಅದೊಂದನ್ನು ತೆಗೆಸಿಬಿಟ್ಟರು. ಉಳಿದದ್ದಕ್ಕೆ ಒಪ್ಪಿದ್ದಾರೆ. ನಿನ್ನೆ ಬೀಗ ಬಿತ್ತು.

ಆಟದಲ್ಲಿ ಜಾಗ ಸಿಗದ ಆ ಬಿಡುವು ಎಲ್ಲಾದರೂ ಇರಬೇಕಲ್ಲ. ವಾರದ ರಜೆ ಹಾಕಿದ್ದೇನೆ. ಅಮ್ಮನಿಗೆ ಈಗಲೇ ಹೇಳಬೇಡ, ಮೂರು ಸಲ ಹಾಸಿಗೆ ಬಿಸಿಲಿಗೆ ಹಾಕುತ್ತಾಳೆ.

ಪುಟ್ಟ

•

ಸೆಪ್ಟೆಂಬರ್ ೧೬

ಪುಟ್ಟಾ,

ತಲುಪಿದ್ದು ತಿಳಿಯಿತು. ನೀನು ಹೋದ ಮೇಲೆ ಮನೆ ಸ್ವಲ್ಪ ಹೊತ್ತು ಕಿವಿ ಮುಚ್ಚಿಕೊಂಡ ಹಾಗಿತ್ತು.

ಕೊನೆಯ ದಿನ ಬಾಗಿಲಲ್ಲಿ ನಡೆದದ್ದನ್ನು ನಿನಗೆ ಹೇಳಲಿಲ್ಲ. ನೀನು ಒಳಗಿದ್ದೆ. ಹೊರಡುವ ಗಡಿಬಿಡಿಯಲ್ಲಿ ಹೇಳುವ ಮಾತಲ್ಲ ಎಂದು ಇಟ್ಟುಕೊಂಡೆ.

ಬೆಳಿಗ್ಗೆ ನೀನು ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ಇಟ್ಟಿಗೆಗಳ ಮಣ್ಣು ಕೆರೆಯುತ್ತಿದ್ದಾಗ ಅಮ್ಮ ಕಿಟಕಿಯಲ್ಲಿ ನಿಂತಿದ್ದಳು. ಅಪ್ಪ ಹೋದಾಗ ಎಲ್ಲಿದ್ದವೋ ಅಲ್ಲೇ ಹೂತುಹೋಗಿದ್ದವು ಅವು. ಅಮ್ಮ ಗೋಡೆಯ ಮೇಲಿನ, ನಮಾಜಿನ ಹೊತ್ತು ಬರೆದ ಕ್ಯಾಲೆಂಡರ್ ನೋಡಿ ತನ್ನದನ್ನು ಮಾಡಿಕೊಳ್ಳುತ್ತಿದ್ದಳು. ಎರಡನೆಯದನ್ನು ನೋಡುವವರೇ ಇರಲಿಲ್ಲ. ಮಧ್ಯಾಹ್ನ ನೀನು ಟೇಪು ಹಿಡಿದು ನೆರಳು ಅಳೆದು ಇಟ್ಟಿಗೆ ಸರಿಸಿದೆ; ‘ಅವರಪ್ಪ ದಾರದಲ್ಲಿ ಅಳೀತಿದ್ರು, ಇವನು ದೊಡ್ಡ ಇಂಜಿನಿಯರು’ ಎಂದು ಅಮ್ಮ ನನ್ನ ಕಿವಿಯಲ್ಲಿ ಅಂದಳು.

ಮೊದಲ ಇಟ್ಟಿಗೆಗೆ ಅವಳದಾಯಿತು. ಟೀ ಮಾಡಿ ನಿನ್ನ ಲೋಟವನ್ನು ಕಿಟಕಿಯ ಹಲಗೆ ಮೇಲಿಟ್ಟಳು. ನೆನಪಿದೆಯಲ್ಲ, ನೀನು ಅವಳು ಕೈ ತೆಗೆಯುವವರೆಗೆ ಕಾದೆ. ‘ನೀನು ನನ್ನ ಮಗ ಕಣೋ, ನೀನು ಮುಟ್ಟಿದ್ರೆ ಏನೂ ಆಗಲ್ಲ’ ಎಂದು ನಕ್ಕಳು. ಆಮೇಲೆ ನಾವು ಮೂವರೂ ಏನೂ ಮಾಡದೆ ಕೂತಿದ್ದೆವು. ನಾನು ಪದ್ಯ ಓದಲಿಲ್ಲ. ನೀನು ಆಟದ ಮಾತೆತ್ತಲಿಲ್ಲ. ಅಪ್ಪನ ಸಾಲಿನಲ್ಲಿ ದೊಡ್ಡದಾಗುತ್ತಿದ್ದದ್ದು ಮನೆಯೇ ಇರಬೇಕೆಂದು ನನಗೆ ಆಗ ಅನ್ನಿಸಿತು.

ನೆರಳು ದೂರದ ಇಟ್ಟಿಗೆ ಮುಟ್ಟಿತು. ನೀನು ಎದ್ದು ಕೈಕಾಲು ತೊಳೆದು ಒಳಗೆ ಹೋದೆ. ನಾವಿಬ್ಬರೂ ಮುಖ ನೋಡಿಕೊಂಡೆವು. ಕೋಣೆಯ ಬಾಗಿಲು ಅರೆ ತೆರೆದಿತ್ತು.

‘ಕೈ ಎಲ್ಲಿ ಕಟ್ಟಿದಾನೆ, ನೋಡ್ಲಾ?’ ಎಂದು ಪಿಸುಗುಟ್ಟಿದೆ.

‘ಸುಮ್ನಿರೆ’ ಅಂದಳು ಅಮ್ಮ. ‘ಎಲ್ಲಾದ್ರೂ ಕಟ್ಲಿ.’

ಆಗ ಬಾಗಿಲು ತಟ್ಟಿದ ಸದ್ದು. ಹೊಲಿಗೆ ಅತ್ತೆ. ಕನ್ನಡಕ ಹಣೆಯ ಮೇಲೆ, ಅಳತೆ ಟೇಪು ಕೊರಳಲ್ಲಿ, ಬೆರಳಲ್ಲಿ ಇನ್ನೂ ಸೂಜಿ. ಅವರ ಕಿಟಕಿಯಿಂದ ನಮ್ಮ ಹಿತ್ತಿಲು ಕಾಣುತ್ತದಲ್ಲ. ಕೋಣೆಯ ಕಡೆ ಕತ್ತು ಚಾಚಿ ಒಂದು ಕ್ಷಣ ನಿಂತರು. ಆಮೇಲೆ ಅಮ್ಮನಿಗೆ ಹೇಳಿದರು:

‘ಎರಡೂ ಆಯ್ತಲ್ವಾ? ಹಾಗಾದ್ರೆ ಮಿಷನ್ ಮುಚ್ತೀನಿ. ನಿಮ್ಮನೆಯವ್ರು ಹೋದ್ಮೇಲೆ ನನಗೆ ಸಾಕು ನಿಲ್ಸು ಅನ್ನೋರೇ ಇರ್ಲಿಲ್ಲ ನೋಡು, ಕಣ್ಣು ಕಾಣೋವರ್ಗೂ ಹೊಲೀತಾನೇ ಇದ್ದೆ.’